ನಿನ್ನೆಯ ಲೆಕ್ಕಕ್ಕೆ ಬಿದ್ದ ಮಳೆ

ಯರಗಟ್ಟಿಯಿಂದ ಬೆಳಗಾವಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನೇಸರಗಿ ದಾಟುವವರೆಗೆ ನಾನು ನಿದ್ದೆಯನ್ನೂ ಮಾಡುವುದಿಲ್ಲ, ಎಚ್ಚರವಾಗಿಯೂ ಇರುವುದಿಲ್ಲ. ಎರಡರ ನಡುವೆ ಒಂದು ಜಾಗವಿದೆ. ಅಲ್ಲಿ ಎರೆಹೊಲಗಳು ಹಿಂದಕ್ಕೆ ಸರಿಯುತ್ತಿರುತ್ತವೆ, ಕಂಡಕ್ಟರ್ ಯಾರ ಮೇಲೋ ಗೊಣಗುತ್ತಿರುತ್ತಾನೆ, ಹಿಂದಿನ ದಿನ ನೋಡಿದ ಅಂಕಿಗಳು ತಾವಾಗಿ ಬಂದು ನನ್ನ ಕಣ್ಣ ರೆಪ್ಪೆಯೊಳಗೆ ಕೂರುತ್ತವೆ. ನಾನು ಅವನ್ನು ಕರೆದಿರುವುದಿಲ್ಲ. ಬಂದವನ್ನು ಎಬ್ಬಿಸಿ ಕಳಿಸುವುದೂ ಇಲ್ಲ.

ಬೀಜ ಮಾರುವ ಒಂದು ಸಣ್ಣ ಕಂಪನಿಯಲ್ಲಿ ಡೇಟಾ ಅನಾಲಿಸ್ಟ್ ಎಂಬುದು ನನ್ನ ಕೆಲಸದ ಹೆಸರು. ಹೆಸರು ದೊಡ್ಡದು, ಕುರ್ಚಿ ಸಣ್ಣದು. ಯಾವ ಊರಿಗೆ ಯಾವ ವಾರ ಎಷ್ಟು ಚೀಲ ಜೋಳದ ಬೀಜ ಹೋಯಿತು, ಎಲ್ಲಿಂದ ತಿರುಗಿ ಬಂತು ಎಂದು ನೋಡಿ, ಗೆರೆ ಎಳೆದು ತೋರಿಸಿ, ಅದರ ಕೆಳಗೆ ಎರಡು ಸಾಲು ಬರೆಯಬೇಕು. ಮೇಲಿನವರು ಆ ಎರಡು ಸಾಲು ಓದುವುದಿಲ್ಲ, ಗೆರೆಯ ಬಣ್ಣ ಚೆನ್ನಾಗಿದೆ ಅನ್ನುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೂ ಈ ಕೆಲಸ ನನಗೆ ಇಷ್ಟ. ಇದನ್ನು ಕಲಿಯಲು ಹೋಗಿ ನಾನು ಕಂಡುಕೊಂಡದ್ದು ಬೀಜದ ಚೀಲಗಳಿಗೆ ಸಂಬಂಧಪಟ್ಟದ್ದಲ್ಲ, ನನ್ನ ಅಪ್ಪನಿಗೆ ಸಂಬಂಧಪಟ್ಟದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಮುನವಳ್ಳಿಗೂ ಯರಗಟ್ಟಿಗೂ ನಡುವೆ. ಇದಕ್ಕೆ ಮೊದಲು ನಾನು ಹತ್ತಿರದ ಒಂದು ಶಾಲೆಯ ಆಫೀಸಿನಲ್ಲಿ ಕೂತು ಹಾಜರಿ ಪಟ್ಟಿ ಟೈಪ್ ಮಾಡುತ್ತಿದ್ದೆ. ಒಂದು ದಿನ ಯಾರೋ ದೊಡ್ಡವರು ಬಂದರೆಂದು ನನಗೆ ಚಹಾ ಮಾಡಿ ತಾ ಅಂದರು. ಚಹಾ ಮಾಡಲು ನನಗೆ ಬರುತ್ತದೆ, ಹುಕುಂ ಕೇಳಿ ಮಾಡಲು ಬರುವುದಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಅವ್ವ ನಗುತ್ತಲೇ ಬೈದಳು.

"ಚಹಾದ ಸಲುವಾಗಿ ನೌಕರಿ ಬಿಟ್ಟಾಕಿ ಅಂದ್ರ ಈ ತಾಲೂಕಿನ್ಯಾಗ ನೀ ಒಬ್ಬಾಕಿನ ನೋಡು."

ಅಪ್ಪ ಪಂಚಾಂಗದಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದ. ಆ ಹೊತ್ತಿಗೆ ಅಪ್ಪ ಮಾತು ಕಡಿಮೆ ಮಾಡಿ ಬಹಳ ವರ್ಷಗಳಾಗಿದ್ದವು.

ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಮೂರು ತಿಂಗಳಲ್ಲಿ ಈ ಕೆಲಸ ಕಲಿಸುತ್ತೇವೆ ಎಂಬ ಫಲಕ ಕಂಡದ್ದು ಅದೇ ತಿಂಗಳು. ಹೋಗಿ ಸೇರಿಕೊಂಡೆ. ಒಂಬತ್ತು ಜನ ಇದ್ದೆವು, ಏಳು ಕಂಪ್ಯೂಟರ್ ಇದ್ದವು. ಕೆಳಗಿನಿಂದ ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಲಿಸುವ ಮೇಡಂ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳೆಂದರೆ ನಲವತ್ತು ವರ್ಷ ದೊಡ್ಡವಳು. ಮೊದಲ ದಿನ ಅವಳು ಹೇಳಿದ್ದು ಇಷ್ಟು.

"ಎಲ್ಲಾರೂ ಬಂದ ಕೂಡ್ಲೆ ತಿದ್ದಾಕ ಹತ್ತತೀರಿ. ಮೊದಲ ನೋಡ್ರಿ. ಬರೇ ನೋಡ್ರಿ. ಮೂಲ ಫೈಲಿಗೆ ಕೈ ಹಚ್ಚೂಹಂಗಿಲ್ಲ. ನಕಲು ಮಾಡ್ಕೊಂಡು ಅದರಾಗ ಏನರ ಮಾಡ್ಕೋರಿ."

ನೋಡುವುದು ನನಗೆ ಹಿಡಿಸಿತು. ಸಾಲುಗಳು, ಕಾಲಮ್ಮುಗಳು, ಖಾಲಿ ಮನೆಗಳು. ಖಾಲಿ ಬೇರೆ, ಸೊನ್ನೆ ಬೇರೆ ಎಂದು ಮೇಡಂ ಅರ್ಧ ದಿನ ಹೇಳಿದಳು. ಸೊನ್ನೆ ಅಂದರೆ ಯಾರೋ ಹೋಗಿ ನೋಡಿದ್ದಾರೆ, ಏನೂ ಇರಲಿಲ್ಲ. ಖಾಲಿ ಅಂದರೆ ಯಾರೂ ಹೋಗಿಲ್ಲ. ಆಮೇಲೆ ಸಾವಿರ ಸಾಲನ್ನು ಹತ್ತು ಸಾಲಿಗೆ ಮಡಚುವುದು, ಎರಡು ಪಟ್ಟಿಗಳನ್ನು ಒಂದು ತಾರೀಖಿನ ಕೊಂಡಿಯಿಂದ ಜೋಡಿಸುವುದು, ಡೇಟಾಬೇಸಿಗೆ ಅದರದೇ ಭಾಷೆಯಲ್ಲಿ ಪ್ರಶ್ನೆ ಹಾಕಿ ಉತ್ತರ ತೆಗೆಯುವುದು. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಪರದೆ ಆರಿದ ಮೇಲೂ ಒಂದು ಕ್ಷಣ ಆ ಚೌಕಗಳು ಗೋಡೆಯ ಮೇಲೆ ಕಂಡಂತಾಗುತ್ತಿತ್ತು. ಕೆಳಗೆ ಹಮಾಲರು ಚೀಲ ಇಳಿಸುವ ದಪ್ ದಪ್ ಸದ್ದು ಮಾತ್ರ. ನಾನು ಬೆಂಚಿಗೆ ಗದ್ದ ಊರಿ ಆ ಸದ್ದನ್ನು ಎಣಿಸುತ್ತ ಕೂರುತ್ತಿದ್ದೆ, ಎಣಿಸುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದೆ. ಜೀವನದಲ್ಲಿ ಇಷ್ಟು ಸುಖವಾಗಿ ನಾನು ಯಾವ ಶಾಲೆಯಲ್ಲೂ ಕೂತಿರಲಿಲ್ಲ.

ಎರಡನೇ ತಿಂಗಳ ಕೊನೆಗೆ ಮೇಡಂ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಮಾಡಲು ಹೇಳಿದಳು. ಇಂಟರ್‌ವ್ಯೂನಲ್ಲಿ ಕೇಳುವುದೇ ಅದನ್ನಂತೆ, ನೀನು ಕೈಯಾರೆ ಏನು ಮಾಡಿದ್ದೀ ತೋರಿಸು ಎಂದು. ಇಂಟರ್ನೆಟ್ಟಿನಿಂದ ಇಳಿಸಿದ ಅಮೆರಿಕದ ಟ್ಯಾಕ್ಸಿ ಲೆಕ್ಕ ನಡೆಯುವುದಿಲ್ಲ, ನಿಮ್ಮ ಮನೆಯದೋ ಊರಿನದೋ ತನ್ನಿರಿ ಅಂದಳು. ಒಬ್ಬಾಕೆ ಅಣ್ಣನ ಡೇರಿಯ ಹಾಲಿನ ಪಟ್ಟಿ ಹಿಡಿದಳು. ಇನ್ನೊಬ್ಬ ಕಿತ್ತೂರಿಗೆ ಹೋಗುವ ಬಸ್ಸುಗಳು ಎಷ್ಟು ತಡ ಎಂದು ದಿನಾ ನಿಂತು ಬರೆದುಕೊಂಡ. ನನ್ನ ತಲೆಗೆ ಬಂದದ್ದು ಒಂದೇ ಒಂದು, ಅದು ಬರಬಾರದಾಗಿತ್ತು. ಅಪ್ಪನ ಮಳೆ ಪುಸ್ತಕಗಳು.

ಅಪ್ಪನದು ಮನೆಮನೆಗೆ ಹೋಗಿ ಪೂಜೆ ಮಾಡಿಸುವ, ಮುಹೂರ್ತ ನೋಡಿ ಕೊಡುವ ಕೆಲಸ. ನಾನು ಚಿಕ್ಕವಳಿದ್ದಾಗ ಒಂದು ಕಚೇರಿಯವರು ನಮ್ಮ ಹಿತ್ತಲಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ, ಅದರ ಮೇಲೆ ಮಳೆಮಾಪಕ ಕೂರಿಸಿ ಹೋದರು. ಮೇಲೆ ಲಾಳಿಕೆ, ಒಳಗೆ ಬಾಟಲಿ, ಜೊತೆಗೆ ಗೆರೆ ಕೊರೆದ ಗಾಜಿನ ಕೊಳವೆ. ದಿನಾ ಮುಂಜಾನೆ ಎಂಟೂವರೆಗೆ ನೋಡಿ ಬರೆಯಿರಿ ಅಂದರು, ಅಷ್ಟೇ. ಅಪ್ಪನಿಗೆ ಆ ಕೆಲಸ ಎಷ್ಟು ಹಿಡಿಸಿತೆಂದರೆ ಸ್ನಾನ, ಪೂಜೆ, ಆಮೇಲೆ ಮಳೆ ಎಂದು ಅದನ್ನೂ ನಿತ್ಯವಿಧಿಗೆ ಸೇರಿಸಿಕೊಂಡ. ಒದ್ದೆ ಪಂಚೆಯಲ್ಲಿ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಳವೆಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ನೀರು ಅಲ್ಲಾಡುವುದು ನಿಲ್ಲುವವರೆಗೆ ಉಸಿರು ಹಿಡಿಯುತ್ತಿದ್ದ. ಕಚೇರಿಗೆ ಒಂದು ಚೀಟಿ ಕಳಿಸಿ, ತನ್ನದೊಂದು ನೋಟುಪುಸ್ತಕದಲ್ಲಿ ಅದನ್ನೇ ಮತ್ತೊಮ್ಮೆ ಬರೆಯುತ್ತಿದ್ದ. ಅಂಥ ಪುಸ್ತಕಗಳು ಹನ್ನೊಂದು, ವರ್ಷಕ್ಕೊಂದು.

ಆಮೇಲೆ ಒಂದು ದಿನ ಆ ಕಚೇರಿಯ ಜೀಪು ಬಂತು. ನಾನು ಆಗ ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದೆ, ನಡೆದದ್ದನ್ನು ಅವ್ವನ ಬಾಯಿಂದ ಕೇಳಿದವಳು. ಬಂದ ಸಾಹೇಬರು ಅಂಗಳದಲ್ಲಿ ನಿಂತೇ ಮಾತಾಡಿದರಂತೆ, ಓಣಿಯವರೆಲ್ಲ ಕೇಳುವ ಹಾಗೆ.

"ನಿಮ್ಮ ಲೆಕ್ಕ ಸುತ್ತಲಿನ ಯಾರ ಲೆಕ್ಕಕ್ಕೂ ಕೂಡೂದಿಲ್ರಿ. ಎಲ್ಲಾ ಕಡೆ ಮಳಿ ಸುರದ ದಿನ ನಿಮ್ಮಲ್ಲಿ ಒಣಾ ಒಣ. ಮನ್ಯಾಗ ಕುಂತು ಬರದ ಸುಳ್ಳ ಅಂಕಿ ಇವು."

ಯಾವ ದಿನ, ಯಾವ ಊರು ಎಂದು ಕೇಳಲು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮಳೆಮಾಪಕ ಜೀಪಿನ ಹಿಂಬದಿಯಲ್ಲಿತ್ತು. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನ ಮಾಡಿದ. ಆದರೆ ಊರಿನಲ್ಲಿ ಮಾತು ಉಳಿದುಕೊಂಡಿತು. ಊರ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಬೇಡುವವರು ಕೂಡ, ಭಟ್ಟರ ಮಳಿ ಹೆಂಗದರಿ ಈ ವರ್ಷ ಎಂದು ಕಣ್ಣು ಮಿಟುಕಿಸುತ್ತಿದ್ದರು. ಅಪ್ಪ ಹೇಳಿದ ಮುಹೂರ್ತದ ಮೇಲೆ ಮದುವೆ ಇಟ್ಟುಕೊಳ್ಳುವವರು ಅವನ ಅಂಕಿಯನ್ನು ನಂಬುವುದಿಲ್ಲವೆಂದರೆ ಅದು ಸಣ್ಣ ಮಾತಲ್ಲ. ಹಿತ್ತಲಿನ ಖಾಲಿ ಕಟ್ಟೆಯ ಮೇಲೆ ಅವ್ವ ಹಪ್ಪಳ ಒಣಗಿಸತೊಡಗಿದಳು.

ನಿಜ ಹೇಳಿಬಿಡುತ್ತೇನೆ. ನನಗೂ ಅನುಮಾನವಿತ್ತು. ಅಪ್ಪ ಪೂಜೆಗೆಂದು ಪರವೂರಿಗೆ ಹೋದ ದಿನಗಳಿದ್ದವು, ಜ್ವರ ಬಂದು ಮಲಗಿದ ದಿನಗಳಿದ್ದವು. ಆದರೂ ಪುಸ್ತಕದಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ. ಎಷ್ಟೋ ವರ್ಷ ಈ ಅನುಮಾನವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದೆ. ಮೇಡಂ ಪ್ರಾಜೆಕ್ಟ್ ಅಂದಾಗ ಮೇಲೆ ನೌಕರಿಯ ಆಸೆ ಇತ್ತು, ಒಳಗೆ ಇದಿತ್ತು. ನನ್ನ ಅಪ್ಪ ಸುಳ್ಳು ಬರೆದನೋ ಇಲ್ಲವೋ ಎಂದು ನನಗೆ ತಿಳಿಯಬೇಕಿತ್ತು.

ಪುಸ್ತಕ ಕೇಳಿದೆ. ಅಪ್ಪ ತಾನೇ ಅಟ್ಟ ಹತ್ತಿ ಬಟ್ಟೆಯಲ್ಲಿ ಕಟ್ಟಿದ ಗಂಟು ಇಳಿಸಿ ಕೊಟ್ಟ.

"ತೊಗೋ. ನೋಡಿಕೋ. ನನ್ನ ಕೇಳದ ಯಾರಿಗೂ ತೋರಸಬ್ಯಾಡ."

ಹನ್ನೊಂದು ಪುಸ್ತಕಗಳನ್ನು ಟೈಪ್ ಮಾಡಲು ಮೂರು ವಾರ ಹಿಡಿಯಿತು. ಮುಂಜಾನೆ ಬಸ್ಸಿನಲ್ಲಿ ಕೈಯಲ್ಲಿ ಫೋನು, ತೊಡೆಯ ಮೇಲೆ ಒಂದು ಪುಸ್ತಕ, ಸಂಜೆ ಪಡಸಾಲೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಪಕ್ಕ ಒಂದು. ಮಳೆ ಇಲ್ಲದ ದಿನಕ್ಕೆ ಅಪ್ಪ ಒಂದು ಅಡ್ಡಗೆರೆ ಎಳೆದಿದ್ದ. ಮಳೆ ಬಂದ ದಿನ ಅಂಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅದು ಯಾವ ಮಳೆ ಎಂದು. ರೋಹಿಣಿ, ಮೃಗಶಿರ, ಆರಿದ್ರ, ಹಸ್ತ, ಚಿತ್ತ. ನಮ್ಮ ಕಡೆ ಮಳೆಗೆ ತಿಂಗಳಿಲ್ಲ, ನಕ್ಷತ್ರವಿದೆ. ಟೈಪ್ ಮಾಡುತ್ತ ಹೋದಂತೆ ನಾನು ಮರೆತ ದಿನಗಳು ಆ ಅಂಕಿಗಳ ಹಿಂದಿನಿಂದ ಎದ್ದು ಬರುತ್ತಿದ್ದವು. ಒಂದು ಆರಿದ್ರ ಮಳೆಯಲ್ಲಿ ನನ್ನ ಹೊಸ ಚಪ್ಪಲಿ ಹಳ್ಳದಲ್ಲಿ ತೇಲಿ ಹೋಗಿತ್ತು. ಒಂದು ಹಸ್ತದಲ್ಲಿ ನವಿಲುತೀರ್ಥದ ಹಿನ್ನೀರು ನೋಡಲು ಅಪ್ಪನ ಸೈಕಲ್ಲಿನ ಮೇಲೆ ಹೋಗಿ, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಸುರುವಾಗುತ್ತದೆಂದು ತಿಳಿಯದೆ ಇಬ್ಬರೂ ಸುಮ್ಮನೆ ನಿಂತಿದ್ದೆವು. ಅಪ್ಪನ ಪುಸ್ತಕದಲ್ಲಿ ಅದೆಲ್ಲ ಇಲ್ಲ. ಮಿಲಿಮೀಟರ್ ಮಾತ್ರ ಇದೆ. ಆದರೂ ನನಗೆ ಕಾಣುತ್ತಿತ್ತು.

ಸುತ್ತಲಿನ ಮಳೆಮಾಪಕಗಳ ಹಳೆಯ ಲೆಕ್ಕವನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಯರಗಟ್ಟಿಯದನ್ನೂ, ಇನ್ನೆರಡು ಊರಿನದನ್ನೂ ಇಳಿಸಿಕೊಂಡು ಅಪ್ಪನ ಪಟ್ಟಿಯ ಪಕ್ಕ ಇಟ್ಟೆ. ಮೊದಲು ಎಲ್ಲವನ್ನೂ ತಿಂಗಳಿಗೆ ಮಡಚಿದೆ. ತಿಂಗಳ ಮೊತ್ತ ಚೆನ್ನಾಗಿ ಕೂಡಿತು. ಯರಗಟ್ಟಿಯಲ್ಲಿ ಮಳೆ ಹೆಚ್ಚಾದ ತಿಂಗಳು ಅಪ್ಪನಲ್ಲೂ ಹೆಚ್ಚು, ಅಲ್ಲಿ ಕೈಕೊಟ್ಟ ತಿಂಗಳು ಇಲ್ಲೂ ಕೈಕೊಟ್ಟಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ದಿನದ ಲೆಕ್ಕ ತೆರೆದೆ, ಸಂತೋಷ ಅಲ್ಲಿಗೇ ನಿಂತಿತು. ಸಾಹೇಬರು ಹೇಳಿದ್ದು ನಿಜವಾಗಿತ್ತು. ಯರಗಟ್ಟಿಯಲ್ಲಿ ಮಳೆ ಸುರಿದ ದಿನ ಅಪ್ಪನ ಸಾಲಿನಲ್ಲಿ ಅಡ್ಡಗೆರೆ. ಯರಗಟ್ಟಿಯಲ್ಲಿ ಏನೂ ಇಲ್ಲದ ದಿನ ಅಪ್ಪನಲ್ಲಿ ಎರಡು ಅಂಕಿಯ ಮಳೆ. ಒಂದೆರಡು ದಿನವಾದರೆ ಮೋಡ ಅಲ್ಲಿ ಬಿದ್ದು ಇಲ್ಲಿ ಬೀಳಲಿಲ್ಲ ಅನ್ನಬಹುದು. ಪುಟಗಟ್ಟಲೆ ಹೀಗೇ ಇತ್ತು.

ಅವತ್ತು ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಕೇಳದೆಯೇ ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು. ಅಪ್ಪ ತಿಂಗಳ ಕೊನೆಗೆ ಪೇಪರಿನಲ್ಲಿ ಬಂದದ್ದು ನೋಡಿ, ಒಟ್ಟು ಹೊಂದುವ ಹಾಗೆ ದಿನಗಳಿಗೆ ಹಂಚಿ ಬರೆದಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡ ಕೂಡಲೇ ಆ ಒದ್ದೆ ಪಂಚೆ, ಹಿಡಿದ ಉಸಿರು ಎಲ್ಲವೂ ಒಂದು ನಾಟಕದಂತೆ ಕಾಣತೊಡಗಿತು. ಅದೇ ನನಗೆ ಹೆಚ್ಚು ನೋವಾದದ್ದು.

ಮೇಡಂ ಮುಂದೆ ಎಲ್ಲ ಹೇಳಿದೆ. ಅವಳಿಗೆ ತೋರಿಸಲು ಅಪ್ಪನನ್ನು ಕೇಳಿರಲಿಲ್ಲ, ಆ ತಪ್ಪು ನನ್ನದು. ಪ್ರಾಜೆಕ್ಟ್ ಬದಲಿಸಿ ಬಸ್ಸಿನದೋ ಹಾಲಿನದೋ ಹಿಡಿಯುತ್ತೇನೆ ಅಂದೆ. ಅವಳು ಪರದೆಯನ್ನು ನೋಡುತ್ತಲೇ ಕೇಳಿದಳು.

"ತಿಂಗಳಿಗೆ ಕೂಡತೈತಿ, ದಿನಕ್ಕ ಕೂಡೂದಿಲ್ಲ. ಸುಳ್ಳ ಬರಿಯಾವರು ಇಷ್ಟ್ ಚೆಂದ ತಿಂಗಳಿಗೆ ಕೂಡಸ್ತಾರೇನ್ರಿ?"

"ಪೇಪರ್ ನೋಡಿ ಹಂಚಿರಬಹುದು."

"ಇರಬಹುದು. ಇರಬಹುದು ಅಂದ್ರ ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ಲದ್ದಕ್ಕ ಅಳಬ್ಯಾಡ್ರಿ, ನೋಡ್ರಿ."

ಸಿಟ್ಟು ಬಂತು. ನಾಲ್ಕು ವರ್ಷ ಚಿಕ್ಕವಳು ನನಗೆ ಅಳಬೇಡ ಅನ್ನುತ್ತಾಳೆ. ಆದರೆ ಸಿಟ್ಟಿನಲ್ಲೇ ನೋಡತೊಡಗಿದೆ. ನೋಡಿದರೆ, ತಿಂಗಳ ಮೊತ್ತದಲ್ಲೂ ಅಲ್ಲೊಂದು ಇಲ್ಲೊಂದು ಬಿರುಕು ಇತ್ತು. ಎಲ್ಲ ಬಿರುಕುಗಳೂ ತಿಂಗಳ ಕೊನೆಯ ದಿನ ಮಳೆಯಾದ ಕಡೆಯೇ. ಯಾಕೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಒಂದು ವಾರ ಆ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ರೊಟ್ಟಿ ಬಡಿದೆ, ಬಸ್ಸು ಹತ್ತಿದೆ, ತಪ್ಪು ನಿಲ್ದಾಣದಲ್ಲಿ ಇಳಿದೆ.

ಒಂದು ರವಿವಾರ ಮುಂಜಾನೆ ಹಿಂದಿನ ಓಣಿಯ ಅಜ್ಜಿ ಒಬ್ಬಳು ಬಂದಳು. ಅವಳ ಮಗಳು ಸವದತ್ತಿಯ ಆಸ್ಪತ್ರೆಯಲ್ಲಿ ಹಡೆದಿದ್ದಳು. ಕೂಸಿನ ನಕ್ಷತ್ರ ಕೇಳಲು ಚೀಟಿ ತಂದಿದ್ದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅರೆಗಣ್ಣಿನಲ್ಲಿ ಕೂತಿದ್ದೆ. ಅಪ್ಪ ಚೀಟಿ ಓದಿದ.

"ನಸುಕಿನ್ಯಾಗ ನಾಕಕ್ಕ ಹುಟ್ಟೇದ. ಸೋಮವಾರ."

"ಇಲ್ರಿ, ದವಾಖಾನಿಯವರು ಮಂಗಳಾರ ಅಂತ ಬರದಾರಲ್ರಿ."

"ಅವರ ದಿನ ಹನ್ನೆರಡು ಹೊಡದ್ರ ಸುರು ಆಗ್ತದ. ನಮ್ಮ ದಿನ ಸೂರ್ಯ ಹುಟ್ಟಿದ ಮ್ಯಾಲೆ. ಹೊತ್ತು ಹುಟ್ಟೂತನಕ ಏನಾದರೂ ಅದು ನಿನ್ನಿ ಲೆಕ್ಕಕ್ಕss ತಂಗೀ."

ಅಜ್ಜಿ ತಲೆಯಾಡಿಸಿದಳು. ಅಪ್ಪ ಪಂಚಾಂಗದ ಪುಟ ತಿರುವಿದ. ಹಿತ್ತಲಲ್ಲಿ ಅವ್ವ ಬಟ್ಟೆ ಹಿಂಡುತ್ತಿದ್ದಳು. ಎಲ್ಲವೂ ಇದ್ದಲ್ಲೇ ಇತ್ತು, ನಾನು ಮಾತ್ರ ಕಂಬ ಬಿಟ್ಟು ನೆಟ್ಟಗೆ ಕೂತೆ. ರಾತ್ರಿ ಬಿದ್ದ ಮಳೆಯನ್ನು ಅಪ್ಪ ಮುಂಜಾನೆ ಅಳೆಯುತ್ತಿದ್ದ. ಅಳೆದ ದಿನದ ತಾರೀಖಿನ ಮುಂದೆ ಬರೆಯಬೇಕೆಂದು ಕಚೇರಿಯವರ ಪದ್ಧತಿ. ಆದರೆ ಹೊತ್ತು ಹುಟ್ಟುವ ಮೊದಲು ಬಿದ್ದ ಮಳೆ ಅಪ್ಪನ ಪಂಚಾಂಗದಲ್ಲಿ ಇವತ್ತಿನದಾಗುವುದು ಹೇಗೆ? ಹನ್ನೊಂದು ವರ್ಷ ಅವನು ಅದನ್ನು ನಿನ್ನೆಯ ಮನೆಯಲ್ಲಿ ಬರೆದಿರಬೇಕು.

ಅಲ್ಲೇ ಕೇಳಿಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಮರುದಿನ ಮಾಳಿಗೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಡಂಗೆ ಹೇಳಿದಾಗ ಅವಳೂ ಅದನ್ನೇ ಅಂದಳು.

"ಕೇಳಿದ್ರ ಅವರು ಹೌದು ಅಂದಾರು, ನಿಮ್ಮ ಮಾರಿ ನೋಡಿ. ಮೊದಲ ಪುಸ್ತಕಾನ ಕೇಳ್ರಿ. ಮತ್ತ ತಾರೀಖು ನಿಮಗ ಬೇಕಾದ ಕಡೆಗಷ್ಟ ಸರಸಬ್ಯಾಡ್ರಿ. ಹಿಂದ ಸರಸ್ರಿ, ಮುಂದ ಸರಸ್ರಿ, ಎರಡ ದಿನ ಸರಸ್ರಿ. ಅರ್ಧದಷ್ಟು ಪುಸ್ತಕ ನೋಡಿ ತೀರ್ಮಾನ ಮಾಡ್ರಿ, ಉಳದರ್ಧಾ ಮುಚ್ಚಿ ಇಡ್ರಿ. ಆಮ್ಯಾಲ ಅದರ ಮ್ಯಾಲೆ ಹಚ್ಚಿ ನೋಡ್ರಿ."

ಮೊದಲ ಆರು ಪುಸ್ತಕಗಳನ್ನು ಇಟ್ಟುಕೊಂಡು ಕಡೆಯ ಐದನ್ನು ಬೇರೆ ಫೈಲಿನಲ್ಲಿ ಮುಚ್ಚಿಟ್ಟೆ. ಅಪ್ಪನ ಸಾಲನ್ನು ಒಂದು ದಿನ ಹಿಂದಕ್ಕೆ ಸರಿಸಿದೆ, ಮೊದಲಿಗಿಂತ ಕೆಟ್ಟಿತು. ಎರಡು ದಿನ ಮುಂದಕ್ಕೆ ಸರಿಸಿದೆ, ಅದೂ ಕೂಡಲಿಲ್ಲ. ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು ಒಂದು ದಿನ ಮುಂದಕ್ಕೆ ಸರಿಸುವುದು. ಸರಿಸಿದೆ. ಪರದೆಯ ಮೇಲೆ ಎರಡು ಗೆರೆಗಳಿದ್ದವು, ಯರಗಟ್ಟಿಯದು ನೀಲಿ, ಅಪ್ಪನದು ಕೆಂಪು. ಅಲ್ಲಿಯವರೆಗೆ ದಾರಿಯಲ್ಲಿ ಜಗಳಾಡಿ ಬೇರೆ ಬೇರೆ ನಡೆಯುವವರ ಹಾಗೆ ಇದ್ದ ಅವು ಈಗ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಮುಚ್ಚಿಟ್ಟ ಐದು ಪುಸ್ತಕಗಳನ್ನು ತೆರೆದೆ. ಅಲ್ಲೂ ಹಾಗೆಯೇ. ಒಂದನೇ ತಾರೀಖು ಅಳೆದದ್ದು ಹಿಂದಿನ ತಿಂಗಳಿಗೆ ಸೇರಿದ್ದರಿಂದ ಆಗಿದ್ದ ಬಿರುಕುಗಳೂ ಮುಚ್ಚಿಕೊಂಡವು. ಕೆಲವು ದಿನ ಮಾತ್ರ ಹೊಂದಲಿಲ್ಲ, ಅಷ್ಟು ಇರಲೇಬೇಕು, ಇಲ್ಲದಿದ್ದರೆ ಅದು ಮಳೆಯೇ ಅಲ್ಲ ಅಂದಳು ಮೇಡಂ.

ಕರೆಂಟ್ ಹೋಯಿತು. ಪರದೆ ಆರಿತು. ಯಾರೂ ಬೈಯಲಿಲ್ಲ. ಆ ಮಸುಕಿನಲ್ಲಿ ಕೂತು ನಾನು ಅಪ್ಪನನ್ನು ನೋಡುತ್ತಿದ್ದೆ. ಒದ್ದೆ ಪಂಚೆ, ಕೊಳವೆ, ಅಲ್ಲಾಡುವುದನ್ನು ನಿಲ್ಲಿಸುವ ನೀರು. ನಾಟಕವಾಗಿರಲಿಲ್ಲ. ಒಂದೊಂದು ದಿನವೂ ಅವನು ಅಲ್ಲಿ ಕೂತಿದ್ದ. ಕೂರಲು ಆಗದ ದಿನ ಯಾರು ಅಳೆದಿದ್ದರು ಎಂದು ಆಮೇಲೆ ತಿಳಿಯಿತು, ಅವ್ವ. ಅವಳಿಗೆ ಆ ಸಣ್ಣ ಗೆರೆ ಓದಲು ಬರುವುದೆಂದು ನಾನು ಅಂದುಕೊಂಡಿರಲಿಲ್ಲ. ಹಾಗೆಂದಾಗ, ನೀ ಯಾವಾಗರ ಕೇಳಿದಿಯೇನ ಎಂದಳು.

ಬೆಳಗಾವಿಯ ಬೀಜದ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂದದ್ದು ಅದೇ ವಾರ. ಪ್ರಾಜೆಕ್ಟ್ ತೋರಿಸಬೇಕು. ತೋರಿಸಲು ಅಪ್ಪನ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಬೇಕೆಂದರೆ ನಾನು ಏನನ್ನು ಹುಡುಕಲು ಹೋಗಿದ್ದೆ ಎಂದು ಹೇಳಲೇಬೇಕು. ಎರಡು ದಿನ ಅಪ್ಪನ ಸುತ್ತ ತಿರುಗಿದೆ. ಮೂರನೇ ದಿನ ಇಳಿಹೊತ್ತಿನಲ್ಲಿ ಅವನು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದಾಗ ಲ್ಯಾಪ್‌ಟಾಪ್ ತಂದು ಎದುರಿಗೆ ಇಟ್ಟೆ. ಬಾಗಿಲಲ್ಲಿ ಬಿಸಿಲು ಓರೆಯಾಗಿ ಬಿದ್ದಿತ್ತು.

"ಅಪ್ಪಾ, ಮುಂಜಾನೆ ಅಳದ ಮಳಿ ಯಾವ ತಾರೀಖಿಗೆ ಬರೀತಿದ್ದಿ?"

"ನಿನ್ನಿದಕ್ಕ. ಮತ್ತ ಯಾವುದಕ್ಕ? ರಾತ್ರಿ ಬಿದ್ದದ್ದು ನಿನ್ನಿದಲ್ಲೇನು?"

ಅವನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ನಾನು ನೀಲಿ ಗೆರೆ ತೋರಿಸಿದೆ, ಕೆಂಪು ಗೆರೆ ತೋರಿಸಿದೆ. ಕೆಂಪನ್ನು ಅವನ ಕಣ್ಣೆದುರೇ ಒಂದು ದಿನ ಸರಿಸಿದೆ. ಕಚೇರಿಯವರು ಅಳೆದ ದಿನಕ್ಕೇ ಬರೆಯುತ್ತಾರೆ, ನೀನು ಒಂದು ದಿನ ಹಿಂದೆ ಬರೆದೆ, ಅವರು ಎರಡನ್ನೂ ಪಕ್ಕ ಪಕ್ಕ ಇಟ್ಟು ಹೊಂದುವುದಿಲ್ಲ ಅಂದರು, ಒಂದು ಮನೆ ಸರಿಸಿ ನೋಡಲಿಲ್ಲ ಎಂದು ಹೇಳಿದೆ. ಹೇಳುವಾಗ ನನ್ನ ಧ್ವನಿ ಏರಿತು. ಆ ಸಾಹೇಬರು ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ.

ಅಪ್ಪ ಅಡಕತ್ತರಿ ಕೆಳಗಿಟ್ಟ. ಕನ್ನಡಕ ಏರಿಸಿ ಪರದೆಗೆ ಹತ್ತಿರ ಬಾಗಿದ. ಬೆರಳಿನಿಂದ ಗಾಜನ್ನು ಮುಟ್ಟದ ಹಾಗೆ ಕೆಂಪು ಗೆರೆಯ ಮೇಲೆ ಮೆಲ್ಲಗೆ ಹೋದ, ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು.

"ಹಂಗಾದ್ರ ತಪ್ಪು ನಂದss ಆತಲ್ಲ."

"ತಾರೀಖು ತಪ್ಪು ಅಪ್ಪಾ. ಮಳಿ ಖರೇ. ಒಂದೊಂದು ಹನಿನೂ ಖರೇ."

ಅವನು ತಲೆಯಾಡಿಸಿದ. ಇಂಟರ್‌ವ್ಯೂನಲ್ಲಿ ತೋರಿಸಲೇ ಎಂದು ಕೇಳಿದೆ. ತೋರಿಸು ಅಂದ. ಮೂಲ ಪುಸ್ತಕದಲ್ಲಿ ಏನೂ ತಿದ್ದುವುದಿಲ್ಲ, ನಕಲಿನಲ್ಲಿ ಮಾತ್ರ ಸರಿಸಿದ್ದೇನೆ ಎಂದೆ, ಅದಕ್ಕೂ ಹೂಂ ಅಂದ. ಅಷ್ಟಕ್ಕೇ ಎದ್ದುಬಿಡಬಹುದಿತ್ತು. ಆದರೆ ಹೇಳಬೇಕಾದ ಇನ್ನೊಂದು ಮಾತು ಉಳಿದಿತ್ತು, ಅದನ್ನು ಮುಚ್ಚಿಟ್ಟುಕೊಂಡು ಆ ಮನೆಯಲ್ಲಿ ಇರುವುದು ನನ್ನಿಂದ ಆಗುತ್ತಿರಲಿಲ್ಲ.

"ಅಪ್ಪಾ, ನನಗೂ ಅನುಮಾನ ಇತ್ತು. ನೀ ಸುಳ್ಳ ಬರದೀಯೇನೋ ಅಂತ ನೋಡಲಿಕ್ಕೇ ನಾ ಆ ಪುಸ್ತಕ ಕೇಳಿದ್ದು."

ಅವನು ಸಿಟ್ಟಾಗುತ್ತಾನೆ, ಅಥವಾ ಅಳುತ್ತಾನೆ ಅಂದುಕೊಂಡೆ. ಎರಡೂ ಆಗಲಿಲ್ಲ. ಇನ್ನೂ ಆ ಕೆಂಪು ಗೆರೆಯನ್ನೇ ನೋಡುತ್ತಿದ್ದ.

"ಗೊತ್ತಿತ್ತು," ಅಂದ. "ನನಗೂ ಇತ್ತು. ಅಷ್ಟು ದೊಡ್ಡ ಮನಶ್ಯಾ ಕಾಗದ ಹಿಡದು ಹೇಳಿದ ಮ್ಯಾಲೆ, ನನ್ನ ಕಣ್ಣು ಸುಳ್ಳ ನೋಡಿತೋ, ಕೈ ಸುಳ್ಳ ಬರೀತೋ ಅಂತ ಇಷ್ಟು ವರ್ಷ ನನಗss ತಿಳಿದಿಲ್ಲ. ನೋಡಿ ಹೇಳಾವರು ಯಾರೂ ಇರಲಿಲ್ಲ. ಅದಕ್ಕ ನೀ ಕೇಳಿದ ಕೂಡ್ಲೆ ಪುಸ್ತಕ ಕೊಟ್ಟೆ."